ಮರುಕ ಬೇಡದ ನಟಿ

2023ರ ಕಾನ್ ಚಿತ್ರೋತ್ಸವದಲ್ಲಿ ಪಾಮ್ ದೋರ್ ಗೆದ್ದದ್ದು ‘ಅನಾಟಮಿ ಆಫ್ ಎ ಫಾಲ್’. ಎರಡನೇ ದೊಡ್ಡ ಪ್ರಶಸ್ತಿಯಾದ ಗ್ರಾಂಡ್ ಪ್ರಿ ‘ದ ಝೋನ್ ಆಫ್ ಇಂಟರೆಸ್ಟ್’ ಪಾಲಾಯಿತು. ಎರಡರಲ್ಲೂ ಮುಖ್ಯ ಪಾತ್ರದಲ್ಲಿದ್ದವರು ಜರ್ಮನಿಯ ಸಾಂಡ್ರಾ ಹ್ಯೂಲರ್. ಶ್ರೇಷ್ಠ ನಟಿ ಪ್ರಶಸ್ತಿ ಮಾತ್ರ ಬೇರೊಬ್ಬರಿಗೆ ಹೋಯಿತು!

ಹ್ಯೂಲರ್ ಹುಟ್ಟಿದ್ದು 1978ರಲ್ಲಿ, ಆಗಿನ ಪೂರ್ವ ಜರ್ಮನಿಯ ಜೂಲ್ ಊರಿನಲ್ಲಿ. ಬರ್ಲಿನ್ನಿನ ಅರ್ನ್ಸ್ಟ್ ಬುಷ್ ನಾಟಕಶಾಲೆಯಲ್ಲಿ ಕಲಿತು ರಂಗಭೂಮಿಯಲ್ಲಿ ಪಳಗಿದವರು. ಬೋಖುಮ್‌ನ ರಂಗದ ಮೇಲೆ ಹ್ಯಾಮ್ಲೆಟ್ ಆಗಿಯೂ ನಿಂತವರು. 2006ರ ‘ರೆಕ್ವಿಯೆಮ್’ನಲ್ಲಿ ಮೂರ್ಛೆರೋಗವನ್ನು ದೆವ್ವದ ಕಾಟವೆಂದು ನಂಬಿದ ವಿದ್ಯಾರ್ಥಿನಿಯ ಪಾತ್ರ ಬರ್ಲಿನ್ ಉತ್ಸವದ ಬೆಳ್ಳಿ ಕರಡಿಯನ್ನು ತಂದುಕೊಟ್ಟಿತು. ಹತ್ತು ವರ್ಷಗಳ ಬಳಿಕ ಮಾರೆನ್ ಆಡೆಯ ‘ಟೋನಿ ಎರ್ಡ್‌ಮನ್’. ಬುಕಾರೆಸ್ಟ್‌ನಲ್ಲಿ ಕಂಪನಿಗಳಿಗೆ ಸಲಹೆ ಕೊಡುವ ಮಗಳ ಪಾತ್ರ ಇವರದು; ಆಕೆ ಅಪ್ಪನ ಹುಚ್ಚಾಟಕ್ಕೆ ಮಣಿದು, ಅಪರಿಚಿತರ ಮನೆಯಲ್ಲಿ ವಿಟ್ನಿ ಹೂಸ್ಟನ್ ಹಾಡನ್ನು ಗಂಟಲು ಹರಿಯುವಂತೆ ಹಾಡಿ ಸರ್ರನೆ ಹೊರಟುಬಿಡುತ್ತಾಳೆ. ನಗಬೇಕೋ ಅಳಬೇಕೋ ತಿಳಿಯದೆ ನಾವು ಕೂತಿರುತ್ತೇವೆ.

ಪಾತ್ರ ಬದಲಾದರೂ ಒಂದು ಹಟ ಬದಲಾಗಿಲ್ಲ: ನೋಡುವವರ ಮರುಕವನ್ನು ಈಕೆ ಬೇಡುವುದಿಲ್ಲ. ‘ಝೋನ್’ನಲ್ಲಿ ನಾಜಿಗಳ ಆಶ್ವಿಟ್ಸ್ ಹತ್ಯಾಶಿಬಿರದ ಕಮಾಂಡೆಂಟನ ಹೆಂಡತಿ ಹೆಡ್ವಿಗ್ ಇದಕ್ಕೆ ಕಠೋರ ಸಾಕ್ಷಿ. ನಿರ್ದೇಶಕ ಜೊನಾಥನ್ ಗ್ಲೇಜರ್ ಮನೆಯೊಳಗೆ ಕ್ಯಾಮೆರಾಗಳನ್ನು ನೆಟ್ಟು, ತಂತ್ರಜ್ಞರನ್ನೆಲ್ಲ ಆಚೆ ಕಳಿಸಿದರು. ಕ್ಲೋಸಪ್ಪಿನ ಆಸರೆ ಇಲ್ಲ. ಗೋಡೆಯಾಚೆ ಚಿಮಣಿ ಹೊಗೆಯುಗುಳುತ್ತಿದ್ದರೆ, ಹೆಡ್ವಿಗ್ ಯಾರಿಂದಲೋ ಕಿತ್ತುತಂದ ತುಪ್ಪಳದ ಕೋಟು ತೊಟ್ಟು ಕನ್ನಡಿಯ ಮುಂದೆ ತಿರುಗುತ್ತಾಳೆ. ಭಾರವಾಗಿ ಕಾಲೂರುವ ಆ ನಡಿಗೆಯೇ ಅರ್ಧ ಅಭಿನಯ. ಇಂಥವಳಿಗೊಂದು ಒಳಗಿನ ನೋವು ಕಟ್ಟಿಕೊಡುವ ಆಮಿಷಕ್ಕೆ ಎಷ್ಟೋ ನಟಿಯರು ಬೀಳುತ್ತಿದ್ದರು; ಹ್ಯೂಲರ್ ಬೀಳಲಿಲ್ಲ.

‘ಅನಾಟಮಿ’ಯ ಪಾತ್ರವನ್ನು ನಿರ್ದೇಶಕಿ ಜಸ್ಟೀನ್ ಟ್ರಿಯೆ ಇವರಿಗಾಗಿಯೇ ಬರೆದದ್ದು. ಗಂಡನ ಸಾವಿನ ಆರೋಪ ಹೊತ್ತ ಜರ್ಮನ್ ಲೇಖಕಿ, ಮನೆಯಲ್ಲಿ ಆಡುವುದು ಇಂಗ್ಲಿಷ್, ನ್ಯಾಯಾಲಯದಲ್ಲಿ ತಡವರಿಸುವುದು ಫ್ರೆಂಚಿನಲ್ಲಿ. ಆಕೆ ಕೊಂದಳೇ ಎಂದು ಹ್ಯೂಲರ್ ಕೇಳಿದರೂ ಟ್ರಿಯೆ ಉತ್ತರ ಹೇಳಲಿಲ್ಲವಂತೆ. ನಿರಪರಾಧಿಯಂತೆ ನಟಿಸಿ ಎಂದರಂತೆ. ಈ ಪಾತ್ರ ಆಸ್ಕರ್ ನಾಮನಿರ್ದೇಶನದವರೆಗೂ ಹೋಯಿತು.

ಹ್ಯೂಲರ್ ಅವರನ್ನು ಈವರೆಗೆ ನೋಡದವರು ‘ಝೋನ್’ನಿಂದ ಶುರುಮಾಡುವುದು ಬೇಡ, ಎದೆ ತಣ್ಣಗಾದೀತು. ‘ಇನ್ ದ ಐಲ್ಸ್’ (2018) ನೋಡಿ. ಸಗಟು ಮಳಿಗೆಯ ರಾತ್ರಿಪಾಳಿ, ಮಿಠಾಯಿ ವಿಭಾಗದ ಮರಿಯೊನ್, ಅವಳನ್ನು ಮೆಚ್ಚುವ ಮಾತುಗಾರನಲ್ಲದ ಹೊಸ ಹುಡುಗ. ಕಾಫಿ ಯಂತ್ರದ ಪಕ್ಕ ಅವನನ್ನು ಕೆಣಕುವಾಗ ಈ ನಟಿ ಎಷ್ಟು ತುಂಟಿ ಎಂಬುದೂ ಗೊತ್ತಾಗುತ್ತದೆ.