ಗಣಿತಜ್ಞನ ವಿನಯ

ಗಣಿತವು ಹುಟ್ಟಿನಿಂದ ಬರತಕ್ಕ ವರವೆಂದು ಬಹುಜನರ ನಂಬುಗೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳಂಥ ಊರುಗಳಲ್ಲಿ ‘ಇದು ನನ್ನ ತಲೆಗೆ ಹತ್ತದು’ ಎಂದು ಲೆಕ್ಕದ ಪುಸ್ತಕವನ್ನು ಮುಚ್ಚಿಡುವ ಬಾಲಕರುಂಟು. ಆ ಸೀಮೆಯಲ್ಲಿಯೇ ಹುಟ್ಟಿದ ಗಣಿತಜ್ಞರೊಬ್ಬರನ್ನು ನಾವಿಲ್ಲಿ ನೆನೆಯುವುದು ಯುಕ್ತವಾಗಿದೆ.

ದಾದಪ್ಪ ಚಿಂತಪ್ಪ ಪಾವಟೆಯವರು 1899ರಲ್ಲಿ ಗೋಕಾಕ ತಾಲೂಕಿನ ಮಮದಾಪುರದಲ್ಲಿ ಜನಿಸಿದರು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ, ಕೇಂಬ್ರಿಜ್ಜಿಗೆ ತೆರಳಿ, 1927ರಲ್ಲಿ ‘ರ‍್ಯಾಂಗ್ಲರ್’ ಎನಿಸಿದರು. ಅಲ್ಲಿಯ ಗಣಿತ ಪರೀಕ್ಷೆಯಲ್ಲಿ ಮೊದಲ ದರ್ಜೆ ಪಡೆದವರಿಗೆ ಸಲ್ಲುವ ಹೆಸರಿದು. ಇದರ ಮೂಲಾರ್ಥವಾದರೋ ‘ವಾದಿಸುವವನು’. ಹಿಂದೆ ಅಲ್ಲಿ ಪದವಿಗಾಗಿ ಬಾಯಿಮಾತಿನ ವಾದವನ್ನೇ ನಡೆಯಿಸಬೇಕಾಗಿತ್ತು.

ಆದರೆ ಗಣಿತದಲ್ಲಿ ಗೆಲ್ಲುವುದು ವಾದಿಯಲ್ಲ, ಉಪಪತ್ತಿ. ಒಂದು ಹೆಜ್ಜೆ ತಪ್ಪಿದರೆ ವಯಸ್ಸಾಗಲಿ ಬಿರುದಾಗಲಿ ಕಾಯಲಾರದು. ಅಳಿಸಿ ಮೊದಲಿನಿಂದ ತೊಡಗಬೇಕು. ಅಳಿಸಲು ವಿನಯ ಬೇಕು, ಮರಳಿ ತೊಡಗಲು ಛಲ ಬೇಕು. ಎರಡೂ ಕಣ್ಣು ಹೋದ ಮೇಲೆಯೂ ಆಯ್ಲರನು ಲೆಕ್ಕಗಳನ್ನು ಮನಸ್ಸಿನಲ್ಲಿಯೇ ಮಾಡಿ ಪರರಿಂದ ಬರೆಯಿಸಿದನು.

ಪಾವಟೆಯವರು ಓದುತ್ತಿದ್ದಾಗ ಧಾರವಾಡದ ವಿದ್ಯಾರ್ಥಿಗೆ ಪದವಿಯನ್ನು ಕೊಡುತ್ತಿದ್ದುದು ಮುಂಬಯಿಯ ವಿಶ್ವವಿದ್ಯಾಲಯ. ಮುಂದೆ ಧಾರವಾಡದಲ್ಲಿಯೇ ನೆಲೆಗೊಂಡ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಅವರು 1954ರಿಂದ 1967ರವರೆಗೆ ಕುಲಪತಿಗಳಾಗಿ ದುಡಿದು ಅದನ್ನು ಬೆಳೆಯಿಸಿದರು. ತಾವು ದೂರ ಹೋಗಿ ಪಡೆದ ವಿದ್ಯೆಯನ್ನು ನಾಡಿನ ಮಕ್ಕಳಿಗೆ ಸಮೀಪಕ್ಕೆ ತಂದರು.

ಆದುದರಿಂದ, ಮಗುವಿಗೆ ಗಣಿತದ ವರವುಂಟೇ ಎಂದು ನಾವು ವಿಚಾರಿಸುವುದನ್ನು ಬಿಡೋಣ. ತಪ್ಪನ್ನು ಅಳಿಸಿ ಮತ್ತೆ ಬರೆಯಲು ಅದಕ್ಕೆ ಸಾಕಷ್ಟು ಹೊತ್ತನ್ನೂ ಧೈರ್ಯವನ್ನೂ ಕೊಡುವುದು ನಮ್ಮ ಕರ್ತವ್ಯ.