ಎರಡನೇ ಭೇಟಿಯ ಲೆಕ್ಕ

ಕಳೆದ ವರ್ಷ ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ಸ್ತನದ ಮ್ಯಾಮೊಗ್ರಾಮ್ ಮಾಡಿಸಿಕೊಂಡಿದ್ದೆ. ನಾಲ್ಕನೆಯ ದಿನ ದೂರವಾಣಿ ಕರೆ ಬಂತು: ‘ಮೇಡಂ, ಇನ್ನೊಮ್ಮೆ ಬರಬೇಕು.’ ಕಾರಣ ಹೇಳಲಿಲ್ಲ. ಮೂವತ್ತು ವರ್ಷ ಸರ್ಕಾರಿ ಸೇವೆಯಲ್ಲಿದ್ದು ಎಂಥೆಂಥ ಪತ್ರಗಳನ್ನೋ ಓದಿದ್ದ ನನಗೆ ಈ ಒಂದು ವಾಕ್ಯ ಓದಿಕೊಳ್ಳಲು ಬರಲಿಲ್ಲ. ಕ್ಯಾನ್ಸರ್ ಎಂದೇ ತೀರ್ಮಾನಿಸಿ ಎರಡು ರಾತ್ರಿ ನಿದ್ದೆಗೆಟ್ಟೆ.

ಮರುಕರೆ ಎಂದರೆ ರೋಗವಲ್ಲ. ಚಿತ್ರದಲ್ಲಿ ಕಂಡದ್ದು ಸ್ಪಷ್ಟವಾಗಿಲ್ಲ ಎಂದಷ್ಟೇ ಅರ್ಥ. ಕ್ರಮಬದ್ಧ ತಪಾಸಣೆ ಇರುವ ಬ್ರಿಟನ್ನಿನಲ್ಲಿ ನೂರು ಮಹಿಳೆಯರಲ್ಲಿ ಸುಮಾರು ನಾಲ್ವರನ್ನು ಮತ್ತೆ ಕರೆಯುತ್ತಾರೆ. ಆ ನಾಲ್ವರಲ್ಲಿ ಕ್ಯಾನ್ಸರ್ ಇರುವುದು ಸುಮಾರು ಒಬ್ಬರಿಗೆ. ನಮ್ಮಲ್ಲಿ ಗಂಟು ಕೈಗೆ ಸಿಕ್ಕಿದ ಮೇಲೆ ಬರುವವರೇ ಹೆಚ್ಚಾದ್ದರಿಂದ ಪ್ರಮಾಣ ಹಾಗೆಯೇ ಇರಬೇಕೆಂದಿಲ್ಲ. ಆದರೂ ಗಂಟುಗಳಲ್ಲಿ ಬಹುಪಾಲು ನಿರುಪದ್ರವಿ ಎಂಬುದು ಇಲ್ಲಿಗೂ ಅನ್ವಯಿಸುವ ಮಾತು.

ಎರಡನೇ ಭೇಟಿಯಲ್ಲಿ ನಡೆಯುವುದು ಇಷ್ಟು. ವೈದ್ಯರು ಕೈಯಿಂದ ಪರೀಕ್ಷಿಸುತ್ತಾರೆ. ಸಂದೇಹವಿರುವ ಭಾಗದ ಚಿತ್ರವನ್ನು ಬೇರೆ ಕೋನದಿಂದ, ದೊಡ್ಡದಾಗಿಸಿ ತೆಗೆಯುತ್ತಾರೆ. ಒತ್ತುವಾಗ ಕೆಲವು ಕ್ಷಣ ನೋವಾಗಬಹುದು. ಬಳಿಕ ಅಲ್ಟ್ರಾಸೌಂಡ್, ನೀರು ತುಂಬಿದ ಗುಳ್ಳೆಯೋ ಗಟ್ಟಿ ಗಂಟೋ ಎಂಬುದು ಇದರಿಂದ ತಿಳಿಯುತ್ತದೆ. ಅಗತ್ಯ ಬಿದ್ದರೆ ಆ ಜಾಗವನ್ನು ಮರಗಟ್ಟಿಸಿ ಸೂಜಿಯಿಂದ ಚೂರು ಅಂಗಾಂಶ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಸೂಜಿ ಚುಚ್ಚಿದರೆ ಗಂಟು ಕೆರಳಿ ಹರಡುತ್ತದೆ ಎಂಬ ಮಾತು ನಮ್ಮ ಕಡೆ ಬಲವಾಗಿದೆ. ಆ ಭಯದಿಂದ ಪರೀಕ್ಷೆ ಬಿಡುವುದೇ ನಿಜವಾದ ಅಪಾಯ. ಹಳೆಯ ಫಿಲ್ಮು, ವರದಿಗಳನ್ನು ಒಯ್ಯಬೇಕು. ಅಂದು ಕಂಕುಳಿಗೆ ಪೌಡರ್ ಹಚ್ಚಬಾರದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಬೇಕು. ಜೊತೆಗೊಬ್ಬರಿದ್ದರೆ ಒಳ್ಳೆಯದು; ಗಾಬರಿಯಲ್ಲಿ ವೈದ್ಯರ ಅರ್ಧ ಮಾತು ಕಿವಿಗೆ ಬೀಳುವುದಿಲ್ಲ.

ಇದರಿಂದ ಹೊರಬೀಳುವ ಉತ್ತರ ಮೂರರಲ್ಲಿ ಒಂದು: ಏನೂ ಇಲ್ಲ, ಆರು ತಿಂಗಳ ನಂತರ ಮತ್ತೆ ನೋಡೋಣ, ಅಥವಾ ಚಿಕಿತ್ಸೆ ಬೇಕು. ನನಗೆ ಸಿಕ್ಕಿದ್ದು ಮೊದಲನೆಯದು.

ಕುರುಗೋಡಿನಲ್ಲಿರುವ ನನ್ನ ಚಿಕ್ಕಪ್ಪನ ಮಗಳಿಗೆ ಆ ಉತ್ತರ ಸಿಗಲಿಲ್ಲ. ಊರಿಗೆ ಬಂದ ಶಿಬಿರದಲ್ಲಿ ಅವಳಿಗೆ ಗಂಟು ಇರುವುದನ್ನು ಗುರುತಿಸಿ, ಬಳ್ಳಾರಿಗೆ ಹೋಗುವಂತೆ ಚೀಟಿ ಬರೆದುಕೊಟ್ಟಿದ್ದರು. ‘ಅಕ್ಕಾ, ನೋವೇ ಇಲ್ಲ. ಮೆಣಸಿನಕಾಯಿ ಬಿಡಿಸೋದು ಮುಗೀಲಿ, ಆಮ್ಯಾಲೆ ಹೋಗ್ತೀನಿ’ ಎಂದಳು. ನೋವಿಲ್ಲದ ಗಂಟನ್ನೇ ಹೆಚ್ಚು ಎಚ್ಚರದಿಂದ ನೋಡಬೇಕೆಂದು ನಾನೂ ಒತ್ತಿ ಹೇಳಲಿಲ್ಲ. ಹನ್ನೊಂದು ತಿಂಗಳ ನಂತರ ಹೋದಾಗ ರೋಗ ಕಂಕುಳಿನ ಗ್ರಂಥಿಗಳಿಗೆ ಹಬ್ಬಿತ್ತು. ಈಗ ಕೀಮೋಥೆರಪಿ ನಡೆಯುತ್ತಿದೆ.

ಅವಳನ್ನು ದೂರುವ ಮುನ್ನ ನನ್ನನ್ನೇ ಪ್ರಶ್ನಿಸಿಕೊಳ್ಳಬೇಕಾಗಿದೆ. ಮೂವತ್ತು ದಾಟಿದ ಮಹಿಳೆಯರ ಸ್ತನ ತಪಾಸಣೆಯನ್ನು ಆರೋಗ್ಯ ಕಾರ್ಯಕರ್ತೆಯರ ಮೂಲಕ ಮಾಡಿಸುವ ಮಾರ್ಗಸೂಚಿಯನ್ನು ಕೇಂದ್ರ ಸರ್ಕಾರ 2016ರಲ್ಲಿ ಹೊರಡಿಸಿತು. ನಾನು ಕುಳಿತ ಪ್ರಗತಿ ಪರಿಶೀಲನಾ ಸಭೆಗಳಲ್ಲಿ ‘ಎಷ್ಟು ಜನರ ತಪಾಸಣೆಯಾಯಿತು’ ಎಂದು ಕೇಳಿದ್ದೇನೆ. ‘ಕಳುಹಿಸಿದವರಲ್ಲಿ ಎಷ್ಟು ಜನ ಆಸ್ಪತ್ರೆ ತಲುಪಿದರು’ ಎಂದು ಒಮ್ಮೆಯೂ ಕೇಳಲಿಲ್ಲ. ಗುರಿ ಮುಟ್ಟಿದ ಅಂಕಿ ನೋಡಿ ಸಹಿ ಹಾಕಿದೆ.

ತಪಾಸಣೆ ವ್ಯರ್ಥವಲ್ಲ. ಮುಂಬೈನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ 1998ರಲ್ಲಿ ಆರಂಭಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದ ಅಧ್ಯಯನದಲ್ಲಿ ಒಂದೂವರೆ ಲಕ್ಷ ಮಹಿಳೆಯರಿದ್ದರು. ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದ್ದರಿಂದಲೇ ಐವತ್ತು ದಾಟಿದವರಲ್ಲಿ ಈ ಕ್ಯಾನ್ಸರಿನ ಸಾವು ಸುಮಾರು ಶೇ 30ರಷ್ಟು ತಗ್ಗಿತ್ತು. ಆದರೆ ಕೈಪರೀಕ್ಷೆ ತಾನಾಗಿ ಯಾರನ್ನೂ ಉಳಿಸುವುದಿಲ್ಲ. ಅದರ ಬೆನ್ನಿಗೆ ರೋಗನಿರ್ಣಯ, ಚಿಕಿತ್ಸೆ ಬರಬೇಕು. ಮೊದಲ ಭೇಟಿಗೆ ಮಾಡಿದ ವೆಚ್ಚಕ್ಕೆ ಫಲ ಸಿಗುವುದು ಎರಡನೆಯದರಲ್ಲಿ.

ಆ ಭೇಟಿಯ ಬೆಲೆಯನ್ನು ಬಡ ಹೆಣ್ಣುಮಕ್ಕಳು ಹೇಗೆ ಲೆಕ್ಕ ಹಾಕುತ್ತಾರೆ? 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಬಸ್ ದರ ಉಳಿಯಿತು. ಆದರೆ ಸಿರುಗುಪ್ಪದಿಂದ ಬಳ್ಳಾರಿಗೆ ಬಂದು ಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ಜೊತೆಗೆ ಬಂದವರದ್ದೂ ಹೋಗುತ್ತದೆ. ಇಂದು ಸ್ಕ್ಯಾನಿಂಗ್, ಮುಂದಿನ ವಾರ ಸೂಜಿ, ಅದರ ಮುಂದಿನ ವಾರ ವರದಿ ಎಂದರೆ ಮೂರನೆಯ ಸಲ ಆಕೆ ಬರುವುದಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ರಕ್ಷಣೆ ಇದೆ. ರೋಗನಿರ್ಣಯದ ಬಾಗಿಲು ದಾಟದವರಿಗೆ ಅದು ಎಟಕುವುದಿಲ್ಲ.

ರೋಗಲಕ್ಷಣ ಹೇಳಿಕೊಂಡು ಬಂದ ಮಹಿಳೆಗೆ 60 ದಿನಗಳೊಳಗೆ ರೋಗನಿರ್ಣಯ ಮುಗಿಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಇದಕ್ಕೆ ಹೊಸ ಕಟ್ಟಡಗಳು ಬೇಕಿಲ್ಲ. ಚೀಟಿಯ ಮೇಲೆ ಹೋಗಬೇಕಾದ ವಿಭಾಗ, ಕೊಠಡಿ, ದಿನಾಂಕವನ್ನು ಕನ್ನಡದಲ್ಲಿ ಬರೆಯಲಿ. ಸಾಧ್ಯವಾದಷ್ಟು ಪರೀಕ್ಷೆಗಳು ಒಂದೇ ದಿನ ಮುಗಿಯಲಿ. ಜೊತೆಗೆ ಹೋಗುವ ಆಶಾ ಕಾರ್ಯಕರ್ತೆಗೆ ಆ ದಿನದ ಗೌರವಧನ ಸಿಗಲಿ. ವರದಿಯ ನಮೂನೆಯಲ್ಲಿ ಇನ್ನೊಂದು ಅಂಕಣ ಸೇರಲಿ: ‘ಎರಡನೇ ಭೇಟಿ ಪೂರ್ಣಗೊಂಡಿದೆಯೇ?’

ಕಳೆದ ತಿಂಗಳು ಸಿರುಗುಪ್ಪದ ನನ್ನ ತವರಿನಲ್ಲಿ ಅಣ್ಣನ ಸೊಸೆಗೂ ಇಂಥದೇ ಚೀಟಿ ಬಂತು. ಭತ್ತದ ನಾಟಿಯ ಕಾಲ. ‘ಅತ್ತೆ, ಮುಂದಿನ ತಿಂಗಳು ನೋಡೋಣ’ ಎಂದಳು. ನಾನು ಒಪ್ಪಲಿಲ್ಲ. ಮರುದಿನ ಮೊದಲ ಬಸ್ಸಿಗೆ ಇಬ್ಬರೂ ಹೊರಟೆವು. ಮಧ್ಯಾಹ್ನದ ಹೊತ್ತಿಗೆ ನೀರುಗುಳ್ಳೆ ಎಂದು ತಿಳಿಯಿತು. ಕುರುಗೋಡಿಗೂ ಹೀಗೆಯೇ ಒಂದು ದಿನ ಹೋಗಿ ಅವಳನ್ನು ಕರೆತರಬಹುದಿತ್ತು. ಅಲ್ಲಿಂದ ಬಳ್ಳಾರಿಗೆ ಒಂದು ಗಂಟೆಯ ದಾರಿ.