ಯಾರಿಗೆ ಕೇಳಿಸಬೇಕು?

ಹಲವು ವರ್ಷಗಳ ಹಿಂದೆ ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳಿಂದ ಶಾಕುಂತಲದ ಮೊದಲ ಅಂಕವನ್ನು ಆಡಿಸಿದ್ದೆ. ದುಷ್ಯಂತ ಎದುರಿಗಿರುವಾಗಲೇ ಪ್ರಿಯಂವದೆ ಅನಸೂಯೆಯನ್ನು ‘ಇವನು ಯಾರೇ?’ ಎಂದು ವಿಚಾರಿಸುತ್ತಾಳಷ್ಟೆ. ಅಲ್ಲಿ ಕಂಸದೊಳಗೆ ‘ಜನಾಂತಿಕ’ ಎಂದಿದೆ. “ಪಿಸುಗುಟ್ಟಪ್ಪಾ” ಎಂದು ಹುಡುಗನಿಗೆ ನಾನೇ ಹೇಳಿಕೊಟ್ಟೆ. ಅವನು ಪಿಸುಗುಟ್ಟಿದ, ಮೂರನೆಯ ಸಾಲಿನಿಂದಾಚೆ ಯಾರಿಗೂ ಕೇಳಿಸಲಿಲ್ಲ. ತಪ್ಪು ಹುಡುಗನದಲ್ಲ, ಪಂಡಿತನದು.

ಹತ್ತನೆಯ ಶತಮಾನದ ಧನಂಜಯನು ತನ್ನ ದಶರೂಪಕದಲ್ಲಿ ನಾಟಕದ ಮಾತನ್ನು ಮೂರಾಗಿ ವಿಂಗಡಿಸುತ್ತಾನೆ: ಎಲ್ಲರಿಗೂ ಕೇಳಿಸುವುದು, ಕೆಲವರಿಗೆ ಮಾತ್ರ ಕೇಳಿಸುವುದು, ಯಾರಿಗೂ ಕೇಳಿಸದ್ದು. ಇಲ್ಲಿ ‘ಎಲ್ಲರು’ ಎಂದರೆ ರಂಗದ ಮೇಲಿರುವ ಪಾತ್ರಗಳೇ ಹೊರತು ಕೆಳಗೆ ಕುಳಿತವರಲ್ಲ. ಪ್ರೇಕ್ಷಕನಿಗೆ ಮೂರೂ ಕೇಳಿಸಲೇಬೇಕು! ಇದನ್ನು ಮರೆತದ್ದರಿಂದಲೇ ನನ್ನ ನಾಟಕ ಕೆಟ್ಟಿತು.

ಎಲ್ಲರಿಗೂ ಕೇಳಿಸುವಂತೆ ಆಡಿದ್ದು ಪ್ರಕಾಶ. ಯಾವ ಪಾತ್ರಕ್ಕೂ ಕೇಳಿಸದಂತೆ ತನ್ನಲ್ಲೇ ಆಡಿಕೊಂಡದ್ದು ಸ್ವಗತ. (ಇದನ್ನು ‘ಸ್ವಾಗತ’ವೆಂದು ಓದಿ ರಾಜನಿಗೆ ಕೈಮುಗಿದ ಶಿಷ್ಯನೂ ನನಗಿದ್ದ.) ಒಬ್ಬನ ಕಡೆಗೆ ತಿರುಗಿ ಗುಟ್ಟು ಹೇಳುವುದು ಅಪವಾರಿತ. ಹಲವರ ನಡುವೆ ಇಬ್ಬರು ತಮ್ಮೊಳಗೇ ಮಾತನಾಡಿಕೊಳ್ಳುವುದು ಜನಾಂತಿಕ. ಇದಕ್ಕೊಂದು ಗುರುತುಂಟು: ತ್ರಿಪತಾಕ ಹಸ್ತ. ಅಂಗೈಯನ್ನು ನೀಡಿ ಉಂಗುರದ ಬೆರಳೊಂದನ್ನು ಮಡಿಸಿ ಅಡ್ಡ ಹಿಡಿದರೆ ಆಯಿತು, ಅದೇ ಗೋಡೆ. ದನಿ ತಗ್ಗಿಸಬೇಕಾಗಿಲ್ಲ; ಆ ಕೈಯಾಚೆಗಿನ ಪಾತ್ರಗಳು ಕಿವುಡರೆಂದು ಸಭೆಯೆಲ್ಲ ಒಪ್ಪಿಕೊಂಡಿರುತ್ತದೆ. ಇಂಥ ಒಪ್ಪಂದಗಳಿಗೆ ಭರತಮುನಿಯು ನಾಟ್ಯಧರ್ಮಿ ಎಂದು ಹೆಸರಿಟ್ಟಿದ್ದಾನೆ.

ತಮ್ಮ ಮನೆಯ ರೇಡಿಯೋದಲ್ಲಿ ಈ ಕೈ ಕಾಣುವುದೆಂತು? ಅಲ್ಲಿ ಕೈಯ ಕೆಲಸವನ್ನು ಮೈಕು ಮಾಡುತ್ತದೆ. ಸ್ವಗತಕ್ಕೆ ನಟನು ಮೈಕಿನ ತೀರ ಹತ್ತಿರ ಬಂದು ಮೆಲ್ಲನೆ ನುಡಿಯುತ್ತಾನೆ. ಪ್ರಕಾಶಕ್ಕೆ ತುಸು ಹಿಂದೆ ಸರಿಯುತ್ತಾನೆ. ಪಿಸುಮಾತು ಊರಿಗೆಲ್ಲ ಕೇಳಿಸುವುದು ಈ ರಂಗದಲ್ಲೇ. ಮುಂದಿನ ನಾಟಕ ಬಂದಾಗ ಗಮನವಿಟ್ಟು ಕೇಳಿ, ದನಿಯ ದೂರ ತಿಳಿಯುತ್ತದೆ.

ಇನ್ನೊಂದುಂಟು, ನನಗೆ ಬಹು ಪ್ರಿಯವಾದದ್ದು: ಆಕಾಶಭಾಷಿತ. ರಂಗದಲ್ಲಿ ಇರುವವನು ಒಬ್ಬನೇ. ಅವನು ಬರಿಯ ಗಾಳಿಯ ಕಡೆ ತಿರುಗಿ “ಏನೆಂದೆ? ಊರಿಗೆ ಹೊರಟೆಯಾ?” ಎನ್ನುತ್ತಾನೆ. ಇಲ್ಲದವನ ಮಾತನ್ನು ತಾನೇ ಕೇಳಿ, ತಾನೇ ತಿರುಗಿ ನುಡಿದು, ಉತ್ತರವನ್ನೂ ತಾನೇ ಕೊಡುತ್ತಾನೆ. ‘ಭಾಣ’ವೆಂಬ ರೂಪಕ ಮೊದಲಿಂದ ಕೊನೆಯವರೆಗೆ ನಡೆಯುವುದೇ ಹೀಗೆ. ನೆರೆಮನೆಯವರು ಟೆಲಿಫೋನಿನಲ್ಲಿ ಮಾತನಾಡುವಾಗ ನಮಗೆ ಒಂದೇ ಕಡೆಯ ಮಾತು ಕೇಳಿಸಿ ಕುತೂಹಲ ಕೆರಳುವುದಿಲ್ಲವೆ? ಭಾಣದ ನಟ ಅಷ್ಟು ನಿರ್ದಯನಲ್ಲ.

1935ರಲ್ಲಿ ಮೈಸೂರಿನಲ್ಲಿ ಡಾ॥ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಬಾನುಲಿ ಕೇಂದ್ರವನ್ನು ತೆರೆದರು. ‘ಆಕಾಶವಾಣಿ’ ಎಂಬ ಹೆಸರು ಬಾನುಲಿಗೆ ಬಂದುದು ಅಲ್ಲಿಂದ. ಆಕಾಶಭಾಷಿತದ ನಟ ಇಲ್ಲದವನೊಡನೆ ಮಾತನಾಡುತ್ತಿದ್ದ. ಬಾನುಲಿಯ ನಟನಿಗೆ ನಾವೇ ಆ ಕಾಣದವರು. “ಏನೆಂದೆ?” ಎಂದು ಅವನು ಕೇಳಿದಾಗ ರೇಡಿಯೋದ ಮುಂದೆ ಕುಳಿತ ನಮ್ಮ ತಾಯಿಯವರು ಉತ್ತರ ಕೊಟ್ಟುಬಿಡುತ್ತಿದ್ದರು.